ಹನ್ನೊಂದು ಗಂಟೆಯ ಇಳಿತ

ಕಳೆದ ವಾರ ಕುಲಶೇಖರದ ಹತ್ತಿರ ನನ್ನ ಸ್ಕೂಟರಿನ ಟಯರು ಪಂಕ್ಚರಾಯಿತು. ರಸ್ತೆ ಬದಿಯ ಅಂಗಡಿಯವನು ಟ್ಯೂಬನ್ನು ಉಜ್ಜಿ, ಸೊಲ್ಯೂಷನ್ ಹಿಂಡಿ, ಬೆರಳಿನಲ್ಲಿ ತೆಳ್ಳಗೆ ಹಚ್ಚಿದ. ಆ ವಾಸನೆ... ಮೂಗಿನ ಬುಡಕ್ಕೆ ಹೋಗಿ ಸ್ವಲ್ಪ ತಲೆ ತಿರುಗಿಸುವಂಥದ್ದು. ಹೆಲ್ಮೆಟ್ ಕೈಯಲ್ಲಿ ಹಿಡಿದು ನಿಂತಿದ್ದ ನನಗೆ ಬಿಸಿಲಿನಲ್ಲೂ ಮೈ ತಣ್ಣಗಾಯಿತು. ಎದೆಮಟ್ಟದ ಹೊಳೆ ನೀರಿನಲ್ಲಿ ಮತ್ತೆ ನಿಂತ ಹಾಗಾಯಿತು.

ಕುದ್ರೋಳಿಯಲ್ಲಿ ನಮ್ಮ ಮನೆಯ ತಿರುವಿನಲ್ಲಿ ಸೈಕಲ್ ರಿಪೇರಿ ಅಂಗಡಿ ಇಟ್ಟಿದ್ದ, ನಾವು ಮಕ್ಕಳೆಲ್ಲ ಮಾಮ ಎನ್ನುತ್ತಿದ್ದವರ ಬಗ್ಗೆ ಬೀದಿಯವರು ಈಗಲೂ ಹೇಳುವ ಕಥೆ ಒಂದೇ. "ಅವರಿಗೆ ಹೆದರಿಕೆ ಅಂದ್ರೆ ಎಂತ ಅಂತಲೇ ಗೊತ್ತಿರ್ಲಿಲ್ಲ. ಆ ಮೊಂಡು ಧೈರ್ಯದಲ್ಲೇ ಅಲ್ವಾ, ಎರಡು ಹುಡುಗಿಯರನ್ನು ನೀರು ಏರುವ ಭರತದ ಹೊತ್ತಿಗೆ ಹೊಳೆಗೆ ಇಳಿಸಿದ್ದು!" ಮೆಚ್ಚುವವರು ಮೊದಲ ಮಾತನ್ನು ಒತ್ತಿ ಹೇಳುತ್ತಾರೆ, ಬೈಯುವವರು ಕೊನೆಯದನ್ನು. ಹೋದ ವರ್ಷ ಮಾಮ ತೀರಿಕೊಂಡಾಗ ಅಂಗಳದಲ್ಲಿ ನಿಂತವರೂ ಇದನ್ನೇ ಹೇಳಿದರು. ನನ್ನ ಆಕ್ಷೇಪ ಇಡೀ ಕಥೆಗೇ ಇದೆ. ಅವರು ಹೆದರಿದ್ದರು. ಎಷ್ಟು ಹೆದರಿದ್ದರು ಎಂದು ನಾನು ಕಣ್ಣಾರೆ ನೋಡಿದ್ದೇನೆ. ಆ ಇಬ್ಬರು ಹುಡುಗಿಯರಲ್ಲಿ ಒಬ್ಬಳು ನಾನು.

ಮಾಮ ಪ್ರಾಯದಲ್ಲಿ ಹಂಚಿನ ಕಾರ್ಖಾನೆಯಲ್ಲಿ ಕೆಲಸ ಮಾಡಿದವರು. ಕಾರ್ಖಾನೆ ಮುಚ್ಚಿದ ಮೇಲೆ ಸೈಕಲ್ ಅಂಗಡಿ ತೆರೆದರು. ಭಾನುವಾರ ಬಂತೆಂದರೆ ಅಂಗಡಿಗೆ ಬೀಗ. ಕಾಲೇಜಿನ ನಾಲ್ಕೈದು ಮಂದಿಯನ್ನು ಕಟ್ಟಿಕೊಂಡು ಗುರುಪುರ ಹೊಳೆಯ ದಡದಲ್ಲಿ ಸೈಕಲ್ ಸವಾರಿ. ಸುಲ್ತಾನ್ ಬತ್ತೇರಿಯ ಕಪ್ಪುಕಲ್ಲಿನ ಕಾವಲು ಗೋಪುರದಿಂದ ಹೊರಟು, ಹಳೆಯ ಚಿಮಣಿಗಳನ್ನು ತೋರಿಸುತ್ತಾ, ಹಂಚಿನ ಆವೆಮಣ್ಣು ತುಂಬಿದ ದೋಣಿಗಳು ಬಂದು ನಿಲ್ಲುತ್ತಿದ್ದ ಕಟ್ಟೆಗಳ ಹತ್ತಿರ ಇಳಿಯುತ್ತಾ, ಮಧ್ಯಾಹ್ನದ ಊಟಕ್ಕೆ ವಾಪಸ್. ಆ ದಡದಲ್ಲಿ ಮೀನು ಹಾರಿದರೆ ಕೇಳಿಸುವಷ್ಟು ಮೌನವಿರುತ್ತಿತ್ತು. ನಾನು ಜೊತೆಯಲ್ಲಿದ್ದರೆ ಮಾತ್ರ ಅದಕ್ಕೆ ಉಳಿಗಾಲವಿರಲಿಲ್ಲ.

ಆಗ ನಾನು ಕಾಲೇಜಿನ ಚರ್ಚಾ ತಂಡದಲ್ಲಿದ್ದೆ. ಯಾರು ಏನು ಹೇಳಿದರೂ ಆಧಾರ ಕೇಳುವುದು ಚಟವಾಗಿತ್ತು. ಬತ್ತೇರಿಯಿಂದ ಶ್ರೀರಂಗಪಟ್ಟಣದವರೆಗೆ ಸುರಂಗ ಉಂಟು ಎಂದು ಮಾಮ ಹೇಳಿದಾಗ ಸೈಕಲ್ ನಿಲ್ಲಿಸಿಯೇ ಬಿಟ್ಟೆ.

"ಯಾರು ನೋಡಿದ್ದಾರೆ ಮಾಮ?"

"ಇಲ್ಲ ಅಂತ ನೀನು ನೋಡಿದ್ದೀಯಾ?"

"ಇದೆ ಅನ್ನುವವರು ತೋರಿಸ್ಬೇಕು. ಇಲ್ಲ ಅನ್ನುವವರಲ್ಲ."

"ನಿನ್ನ ಸೈಕಲಿಗೆ ಎರಡು ಬ್ರೇಕ್ ಹಾಕಿ ಕೊಟ್ಟಿದ್ದೇನೆ ಮಾರಾಯ್ತಿ. ಬಾಯಿಗೆ ಒಂದು ಹಾಕ್ಬೇಕಿತ್ತು."

ಸುರಂಗದ ವಿಷಯದಲ್ಲಿ ನಾನು ಗೆದ್ದೆ ಎಂದು ಈಗಲೂ ವಾದಿಸಬಲ್ಲೆ. ಸೋಲಬೇಕಾಗಿದ್ದ ವಾದ ಇನ್ನೊಂದಿತ್ತು. ದುರದೃಷ್ಟಕ್ಕೆ ಅದನ್ನೂ ಗೆದ್ದೆ.

ಹೊಳೆಗೆ ಇಳಿಯುವ ಸವಾರಿಯಾದರೆ ಮಾಮ ಮೊದಲು ತಿಥಿ ನೋಡುತ್ತಿದ್ದರು. ನಮ್ಮ ಹೊಳೆಗೆ ದಿನಕ್ಕೆ ಎರಡು ಸಲ ಸಮುದ್ರ ನುಗ್ಗುತ್ತದೆ. ನೀರು ಏರುವುದನ್ನು ಭರತ ಎನ್ನುತ್ತೇವೆ, ಹಿಂದೆ ಸರಿಯುವುದನ್ನು ಇಳಿತ. ಅಷ್ಟಮಿಯ ಸುಮಾರಿಗೆ ಇಳಿತ ಎಷ್ಟು ಹೊತ್ತಿಗೆ, ಅಮಾವಾಸ್ಯೆಗೆ ಎಷ್ಟು ಹೊತ್ತಿಗೆ ಎಂದು ಮಾಮ ಬೆರಳು ಮಡಚಿ ಲೆಕ್ಕ ಹಾಕುವುದನ್ನು ನೋಡಿ ನನಗೆ ನಗು ಬಂತು. "ಪಂಚಾಂಗ ನೋಡಿ ಸೈಕಲ್ ಬಿಡುವುದಾ ಮಾಮ? ಮುಂದೆ ರಾಹುಕಾಲವೂ ನೋಡ್ತೀರಾ?" ಎಂದೆ. ಗೆಳೆಯರೆಲ್ಲ ನಕ್ಕರು. ಮಾಮನೂ ನಕ್ಕರು. ಆಮೇಲೆ ಮಡಚಿದ ಬೆರಳುಗಳನ್ನು ಬಿಡಿಸಿ, "ಹಾಗಾದ್ರೆ ಇನ್ನು ಮೇಲೆ ನೀನೇ ನೋಡು. ಮೊಬೈಲಲ್ಲಿ ಎಲ್ಲ ಉಂಟಲ್ಲ" ಎಂದರು.

ತಿಥಿ ಎಂದರೆ ಚಂದ್ರನ ಲೆಕ್ಕ, ಸಮುದ್ರ ಏರಿಳಿಯುವುದೂ ಚಂದ್ರನ ಲೆಕ್ಕಕ್ಕೇ ಎಂಬುದು ನನಗೆ ಗೊತ್ತಿರದ ವಿಷಯವಲ್ಲ. ಶಾಲೆಯಲ್ಲೇ ಓದಿದ್ದೆ. ಪಂಚಾಂಗ ಎಂಬ ಶಬ್ದ ಕೇಳಿದ ಕೂಡಲೇ ಓದಿದ್ದೆಲ್ಲ ಬದಿಗೆ ಹೋಗಿ ವಿರೋಧಿಸುವ ಹುಮ್ಮಸ್ಸು ಮಾತ್ರ ಉಳಿದಿತ್ತು.

ಕೂಳೂರು ಸೇತುವೆ ದಾಟಿ ಮೇಲಕ್ಕೆ ಹೋದರೆ ಹೊಳೆಯ ನಡುವೆ ಒಂದು ಕುದ್ರು, ಎಂದರೆ ಸಣ್ಣ ದ್ವೀಪ. ದೋಣಿ ಕಟ್ಟುತ್ತಿದ್ದ ಕಲ್ಲುಕಂಬಗಳು, ಹಂಚು ಸುಡುತ್ತಿದ್ದ ಹಳೆಯ ಗೂಡು ಅಲ್ಲಿ ಉಳಿದಿವೆ ಎಂದು ಮಾಮ ಹೇಳಿದ್ದರು. ಬೇಸಿಗೆಯ ಇಳಿತದಲ್ಲಿ ಸೈಕಲ್ ಹೆಗಲಿಗೇರಿಸಿ ನಡೆದೇ ದಾಟಬಹುದಿತ್ತು. ಒಂದು ಭಾನುವಾರ ಗೊತ್ತು ಮಾಡಿದೆವು. ನಾನು ಮೊಬೈಲಿನಲ್ಲಿ ನೋಡಿದೆ: ಹನ್ನೊಂದು ಗಂಟೆಗೆ ಇಳಿತ. ಅಷ್ಟರಲ್ಲಿ ಅದೇ ದಿನ ನನಗೆ ಉಡುಪಿಯಲ್ಲಿ ಚರ್ಚಾ ಸ್ಪರ್ಧೆ ಬಂತು. "ಮುಂದಿನ ವಾರ ಹೋಗುವ ಮಾಮ" ಎಂದೆ. ಒಪ್ಪಿದರು.

ಮುಂದಿನ ಶನಿವಾರ ಸಂಜೆ ಫೋನ್ ಮಾಡಿ ಕೇಳಿದರು. "ನಾಳೆ ಇಳಿತ ಎಷ್ಟಕ್ಕೆ? ನೋಡಿದ್ದೀಯಲ್ಲ?"

"ಹನ್ನೊಂದು ಗಂಟೆ ಮಾಮ."

ಆ ಕಡೆ ಒಂದು ಕ್ಷಣ ಮಾತಿರಲಿಲ್ಲ. "ಸರಿ ಹಾಗಾದ್ರೆ" ಎಂದರು.

ನಾನು ನೋಡಿರಲಿಲ್ಲ. ಹಿಂದಿನ ವಾರದ ಹನ್ನೊಂದನ್ನೇ ಹೇಳಿದ್ದೆ. ವಾರ ಕಳೆದರೆ ಭರತದ ಜಾಗಕ್ಕೆ ಇಳಿತ, ಇಳಿತದ ಜಾಗಕ್ಕೆ ಭರತ ಬರುತ್ತದೆ ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ.

ಅವತ್ತು ಬಂದದ್ದು ಮೂವರೇ: ಮಾಮ, ನಾನು, ನನ್ನ ಕ್ಲಾಸಿನ ಗೆಳತಿ. ಎಂಟು ಗಂಟೆಗೆ ಹೊಳೆಗೆ ಇಳಿದಾಗ ನೀರು ಮೊಣಕಾಲಿನಷ್ಟು. ಹನ್ನೊಂದಕ್ಕೆ ಪಾದ ಮುಳುಗುವಷ್ಟು ಇರಬಹುದು ಅಂದುಕೊಂಡು ಕುದ್ರುವಿನಲ್ಲಿ ಆರಾಮವಾಗಿ ಸುತ್ತಿದೆವು. ಗೂಡಿನ ಒಳಗೆ ತಲೆ ಹಾಕಿದೆವು, ಕಲ್ಲುಕಂಬಕ್ಕೆ ಒರಗಿ ಅವಲಕ್ಕಿ ತಿಂದೆವು. ಹತ್ತೂವರೆಗೆ ವಾಪಸ್ ಇಳಿದಾಗ ಮೊದಲ ಹೆಜ್ಜೆಗೇ ನೀರು ತೊಡೆ ಮುಟ್ಟಿತು. ಮಾಮ ನಿಂತು ನನ್ನನ್ನು ನೋಡಿದರು.

"ಇಳಿತಾ ಉಂಟು ಮಾಮ, ಇನ್ನು ಅರ್ಧ ಗಂಟೆ ಉಂಟಲ್ಲ" ಎಂದೆ.

ಮಾತು ಎಷ್ಟು ಗಟ್ಟಿಯಾಗಿ ಹೇಳಿದೆನೆಂದರೆ ನನಗೇ ನಂಬಿಕೆ ಬಂತು.

ನಡುಹೊಳೆಗೆ ಬಂದಾಗ ಸೊಂಟ. ಮತ್ತೆ ಹತ್ತು ಹೆಜ್ಜೆಗೆ ಎದೆ. ನೀರು ಸಮುದ್ರದ ಕಡೆಯಿಂದ ಬಂದು ಬಲಗಡೆಯ ಪಕ್ಕೆಲುಬನ್ನು ಒತ್ತುತ್ತಿತ್ತು, ಶಬ್ದವೇ ಇಲ್ಲ. ಬಾಯಿಗೆ ಹಾರಿದ ಹನಿ ಉಪ್ಪಾಗಿತ್ತು. ಆಗ ಗೊತ್ತಾಯಿತು, ನೀರು ಇಳಿಯುತ್ತಿಲ್ಲ, ಏರುತ್ತಿದೆ. ಅಷ್ಟರಲ್ಲಿ ನನ್ನ ಮುಂದಿದ್ದ ಗೆಳತಿ ಕಾಣಿಸಲಿಲ್ಲ. ಮರಳು ತೆಗೆದ ಹೊಯ್ಗೆ ಗುಂಡಿಗೆ ಕಾಲಿಟ್ಟಿದ್ದಳು. ಮಾಮ ತಮ್ಮ ಸೈಕಲನ್ನು ಬಿಟ್ಟು, ನೀರಿನೊಳಗೆ ಕೈ ಹಾಕಿ, ಅವಳ ಜಡೆ ಹಿಡಿದು ಎಳೆದರು. ಅವಳು ಕೆಮ್ಮುತ್ತಾ ಮೇಲೆ ಬಂದಳು. ಅವಳ ಸೈಕಲ್ ಬರಲಿಲ್ಲ.

ಮಾಮ ಅಲ್ಲೇ ನಿಂತುಬಿಟ್ಟರು. ಒಂದು ಕೈಯಲ್ಲಿ ಅವಳ ರಟ್ಟೆ, ಇನ್ನೊಂದರಲ್ಲಿ ನನ್ನದು. ಅವರ ದವಡೆ ನಡುಗುತ್ತಿತ್ತು. ಅವರಿಗೆ ಈಜು ಬರುತ್ತಿರಲಿಲ್ಲ ಎಂಬುದು ನನಗೆ ತಿಳಿದದ್ದು ಆಗಲೇ. ಆಮೇಲೆ ಬೊಬ್ಬೆ ಹೊಡೆಯಲು ಸುರು ಮಾಡಿದರು. "ಅಪ್ಪೇ... ಅಪ್ಪೇ..." ಅರವತ್ತು ದಾಟಿದ ಗಂಡಸು, ತುಳುವಿನಲ್ಲಿ ಅಮ್ಮನನ್ನು ಕರೆಯುತ್ತಿದ್ದರು.

ನನಗೆ ನಾಚಿಕೆಯಾಯಿತು. ಹೇಳಲು ಕಷ್ಟವಾಗುತ್ತದೆ, ಆದರೆ ಅಂಥ ಹೊತ್ತಿನಲ್ಲೂ ನಾಚಿಕೆಯಾಯಿತು. ದಡ ಎದುರಿಗೇ ಕಾಣುತ್ತಿತ್ತು, ಮೂವತ್ತು ಹೆಜ್ಜೆ ಇರಬಹುದು.

"ಬೊಬ್ಬೆ ಯಾಕೆ ಮಾಮ? ಗುಂಡಿ ಬಿಟ್ಟು ಬಲಕ್ಕೆ ತಿರುಗಿ ನಡೆಯುವ. ನಿಂತಷ್ಟೂ ನೀರು ಏರ್ತದೆ, ಅಷ್ಟೇ!"

"ಹಂದಾಡ್ಬೇಡ."

"ಇಲ್ಲೇ ನಿಂತು ಸಾಯುವುದಾ ಹಾಗಾದ್ರೆ?"

"ನನಗೆ ಹೆದರಿಕೆ ಆಗ್ತದೆ" ಎಂದರು ಮಾಮ. "ನಿನಗೂ ಸ್ವಲ್ಪ ಆಗ್ಲಿ ಮಾರಾಯ್ತಿ."

ನಾನು ಕೈ ಕೊಸರಿದೆ. ಅವರು ಬಿಡಲಿಲ್ಲ. ಅವರ ಉಗುರಿನ ಗುರುತು ನಾಲ್ಕು ದಿನ ನನ್ನ ರಟ್ಟೆಯಲ್ಲಿತ್ತು. ನೀರು ಹೆಗಲು ಮುಟ್ಟಿದಾಗ ನನ್ನ ಬಳಿ ವಾದ ಉಳಿದಿರಲಿಲ್ಲ. ನಾನೂ ಬೊಬ್ಬೆ ಹೊಡೆದೆ.

ಕುದ್ರುವಿನಲ್ಲಿ ವಾಸವಿದ್ದ ಕ್ರಿಶ್ಚಿಯನ್ ಹೆಂಗಸೊಬ್ಬರು, ನಮ್ಮ ಕಡೆಯ ಮಾತಿನಲ್ಲಿ ಬಾಯಮ್ಮ, ಕೇಳಿಸಿಕೊಂಡು ಸಣ್ಣ ದೋಣಿ ತಂದರು. ನಮ್ಮನ್ನು ಒಬ್ಬೊಬ್ಬರಾಗಿ, ಉಳಿದಿದ್ದ ನನ್ನ ಸೈಕಲನ್ನೂ ಎಳೆದು ಹತ್ತಿಸಿ, ನಾನು ಹೋಗೋಣವೆಂದಿದ್ದ ಬಲಗಡೆಗೆ ದೋಣಿ ತಿರುಗಿಸಿ ಜಲ್ಲೆ ಊರಿದರು. ಆ ಉದ್ದದ ಬಿದಿರು ಬಾಯಮ್ಮನ ಮುಷ್ಟಿಯವರೆಗೂ ಇಳಿಯಿತು. ತಳ ಸಿಗಲಿಲ್ಲ. ನನ್ನ ಹಲ್ಲು ಕಟಕಟ ಎನ್ನುವುದು ನನಗೇ ಕೇಳಿಸುತ್ತಿತ್ತು.

ದಡದಲ್ಲಿ ಬಾಯಮ್ಮ ಮಾಮನಿಗೆ ಸರಿಯಾಗಿ ಬೈದರು. "ಇವತ್ತು ಅಮಾಸೆ ಅಲ್ವಾ ಮಾರಾಯ್ರೆ! ಈ ದೊಡ್ಡ ಭರತದ ಹೊತ್ತಿಗೆ ಹೊಳೆಗೆ ಇಳಿಯುವುದಾ? ಈ ಮಕ್ಕಳಿಗಾದ್ರೆ ಗೊತ್ತಿಲ್ಲ, ನಿಮಗೂ ಬುದ್ಧಿ ಬೇಡ್ವಾ?"

ಮಾಮ ಒದ್ದೆ ಪಂಚೆ ಹಿಂಡುತ್ತಿದ್ದರು. ತಲೆ ಎತ್ತದೆ, "ನನ್ನದೇ ತಪ್ಪು ಬಾಯಮ್ಮ. ಲೆಕ್ಕ ತಪ್ಪಿತು" ಎಂದರು. ಆಮೇಲೆ ತಲೆ ಎತ್ತಿ ಒಮ್ಮೆ ನನ್ನ ಕಡೆ ನೋಡಿದರು. ಅದು ನಾನು ಮಾತಾಡಬೇಕಾಗಿದ್ದ ಹೊತ್ತು. ಎದುರಾಳಿಯ ಮಾತು ಮುಗಿಯುವ ಮೊದಲೇ ಉತ್ತರ ಸಿದ್ಧವಿಟ್ಟುಕೊಳ್ಳುತ್ತಿದ್ದವಳು ನಾನು. ಕಾಲಿಗೆ ಅಂಟಿದ ಹೊಯ್ಗೆ ಉಜ್ಜುತ್ತಾ ಕೂತೆ.

ಮರುದಿನ ಗೆಳತಿಯ ಅಪ್ಪ ಅಂಗಡಿಗೆ ಬಂದು ಬೀದಿಗೆಲ್ಲ ಕೇಳುವ ಹಾಗೆ ಕೂಗಾಡಿದರು. ನಾನು ನಮ್ಮ ಮನೆಯ ಕಿಟಕಿಯ ಹಿಂದೆ ನಿಂತು ಕೇಳಿದೆ. ಗೆಳತಿಗೆ ಹನ್ನೊಂದರ ವಿಷಯ ಗೊತ್ತಿರಲಿಲ್ಲ, ಗೊತ್ತಿದ್ದದ್ದು ಇಬ್ಬರಿಗೇ. ಒಬ್ಬರು ತಲೆ ತಗ್ಗಿಸಿ ಕೇಳಿಸಿಕೊಂಡರು, ಇನ್ನೊಬ್ಬಳು ಪರದೆ ಎಳೆದಳು. ಭಾನುವಾರದ ಸವಾರಿ ಅಲ್ಲಿಗೆ ನಿಂತಿತು. ಯಾವ ಮನೆಯವರೂ ಮಕ್ಕಳನ್ನು ಮಾಮನ ಜೊತೆ ಕಳಿಸಲಿಲ್ಲ. ಭಾನುವಾರವೂ ಅಂಗಡಿ ತೆರೆದು ಕೂರುತ್ತಿದ್ದರು, ಕೆಲಸವಿರಲಿ ಇಲ್ಲದಿರಲಿ. ನಾನು ಹಾದುಹೋಗುವಾಗ, "ಎಂತ ಮಗಾ, ಗಾಳಿ ಸರಿ ಉಂಟಾ?" ಎಂದು ಕೇಳುತ್ತಿದ್ದರು. "ಉಂಟು ಮಾಮ" ಎಂದು ಪೆಡಲ್ ತುಳಿಯುತ್ತಿದ್ದೆ. ಆಮೇಲೆ ಆ ತಿರುವನ್ನೇ ಬಿಟ್ಟು, ಹಿಂದಿನ ಓಣಿಯಿಂದ ಹೋಗತೊಡಗಿದೆ... ಎಷ್ಟು ವರ್ಷ ಹಾಗೆ ಹೋದೆನೋ.

ಪಂಕ್ಚರಾದ ಸಂಜೆ ಸೀದಾ ಮಾಮನ ಮನೆಗೆ ಹೋದೆ. ಮಾಮಿ ಜಗಲಿಯಲ್ಲಿ ಕೂತು ಬಸಳೆ ಬಿಡಿಸುತ್ತಿದ್ದರು. ಪೀಠಿಕೆ ಇಲ್ಲದೆ ಹೇಳಿದೆ: "ಮಾಮಿ, ಆ ದಿನ ಹನ್ನೊಂದು ಗಂಟೆ ಅಂತ ಹೇಳಿದ್ದು ನಾನು. ಮಾಮನ ತಪ್ಪಲ್ಲ."

"ಗೊತ್ತುಂಟು" ಎಂದರು ಮಾಮಿ. "ಅವತ್ತೇ ಹೇಳಿದ್ರು ನನ್ನ ಹತ್ರ."

"ಮತ್ತೆ ಬೀದಿಯವರಿಗೆ ಯಾಕೆ ಹೇಳ್ಲಿಲ್ಲ? ನನ್ನ ಮನೆಗೆ ಬಂದು ಬೈಯಬಹುದಿತ್ತಲ್ಲ!"

"ನೀನೇ ಹೇಳ್ತೀ ಅಂತ ಕಾದ್ರು. ಅವಳು ಮಾತಿನವಳು, ಇವತ್ತಲ್ಲದಿದ್ರೆ ನಾಳೆ ಹೇಳ್ತಾಳೆ ಅಂತ. ಮತ್ತೆ... ಕಾಯುವುದನ್ನು ಬಿಟ್ರು."

ನಾನು ಮೆಟ್ಟಿಲಿನ ಮೇಲೆ ಕೂತುಬಿಟ್ಟೆ. ಎದೆಮಟ್ಟದ ನೀರಿನಲ್ಲಿ ಆಗಿದ್ದ ಹೆದರಿಕೆ ಇದರ ಎದುರು ಸಣ್ಣದು. ಅಲ್ಲಿ ಹಿಡಿಯಲು ಒಂದು ಕೈ ಇತ್ತು. ಬೀದಿಯ ಪ್ರತಿ ಮನೆಗೆ ಹೋಗಿ ನಾನು ಈಗ ಸತ್ಯ ಹೇಳಬಹುದು, ಹೇಳುತ್ತೇನೆ ಕೂಡ. ಕೇಳಬೇಕಾಗಿದ್ದವರು ಇಲ್ಲ.

ಇನ್ನೊಂದು ಮಾತು ಕೇಳುವುದಿತ್ತು. ಫೋನಿನಲ್ಲಿ ಆ ಒಂದು ಕ್ಷಣ ಅವರು ಸುಮ್ಮನಾದದ್ದು ಯಾಕೆ? ಜೀವಮಾನವೆಲ್ಲ ತಿಥಿ ಎಣಿಸಿದವರಿಗೆ, ಯಾರೋ ನಕ್ಕರೆಂದು ಚಂದ್ರ ಮರೆತುಹೋಗುತ್ತಾನೆಯೇ? ಮಾಮಿ ಬಸಳೆಯ ದಂಟು ಮುರಿಯುತ್ತಾ ನನ್ನ ಮುಖ ನೋಡದೆ ಕೂತಿದ್ದರು.

"ಮಾಮಿ, ಮರುದಿನ ಅಮಾಸೆ ಅಂತ ಅವರಿಗೆ ಗೊತ್ತಿತ್ತಲ್ಲ? ಗೊತ್ತಿದ್ದೂ ನನ್ನ ಮಾತು ಯಾಕೆ ಕೇಳಿದ್ರು?"

"ಆಧಾರ ಇಲ್ಲದೆ ಅವಳು ಒಂದು ಮಾತೂ ಹೇಳುವವಳಲ್ಲ, ನನ್ನ ಬೆರಳಿನ ಲೆಕ್ಕವೇ ತಪ್ಪಿರ್ಬೇಕು ಅಂದ್ರು" ಎಂದರು ಮಾಮಿ.