ತೊಳೆದಿಟ್ಟ ಕಲ್ಲುಗಳು

ಇವತ್ತು ಬೆಳಿಗ್ಗೆ ಹಿತ್ತಲಲ್ಲಿ ಕೂತು ಹಿತ್ತಾಳೆಯ ಕೊಡಕ್ಕೆ ಹುಣಸೆಹಣ್ಣು ತಿಕ್ಕುತ್ತಿದ್ದೆ. ಆ ಹುಳಿ ವಾಸನೆ ಮೂಗಿಗೆ ಹತ್ತಿದ್ದೇ ತಡ, ಕೈ ನಿಂತಿತು. ಹಬ್ಬ ಬಂದಾಗಲೆಲ್ಲ ಹೀಗೆ; ಕೊಡ ಅರ್ಧ ಬೆಳಗಿ ಅರ್ಧ ಕಪ್ಪಾಗಿ ಉಳಿಯುತ್ತದೆ, ಮನೆಯವರು ನಗುತ್ತಾರೆ. ನಗಲಿ. ತಿಕ್ಕಿ ತೊಳೆಯುವುದರಲ್ಲಿ ನನ್ನ ಸಮ ಯಾರೂ ಇಲ್ಲವೆಂದು ಒಂದು ಕಾಲಕ್ಕೆ ಮೆರೆದವಳು ನಾನು. ಆ ಜಂಬದಿಂದ ಯಾರಿಗೆ ಏನಾಯಿತೆಂದು ಹೇಳುತ್ತೇನೆ, ಸ್ವಲ್ಪ ಕೂತುಕೊಳ್ಳಿ.

ನನ್ನ ಅಣ್ಣ ಪುಣೆಯಲ್ಲಿ ಭೂಗರ್ಭಶಾಸ್ತ್ರ ಓದಿ ಬಂದವನು. ಕಲ್ಲು ನೋಡಲು ಪುಣೆಗೆ ಹೋಗಬೇಕೇ, ನಮ್ಮ ಹೊಲದಲ್ಲಿ ಬಿದ್ದಿಲ್ಲವೇ ಎಂದು ಅಪ್ಪ ಕೇಳುತ್ತಲೇ ಇದ್ದರು. ಓದು ಮುಗಿದರೂ ಆ ವಿದ್ಯೆಯ ನೌಕರಿ ಸಿಗಲಿಲ್ಲ. ಸೊಲ್ಲಾಪುರದ ಒಂದು ಶಾಲೆಯಲ್ಲಿ ಮಾಸ್ತರನಾದ. ಆಸೆ ಮಾತ್ರ ಬಿಡಲಿಲ್ಲ. ಆ ಶಾಸ್ತ್ರದ ದೊಡ್ಡವರು ಮುಂಬೈ, ಮದ್ರಾಸು, ಕಲ್ಕತ್ತೆಗಳಲ್ಲಿ ಯಾರ್ಯಾರಿದ್ದಾರೋ ಅವರಿಗೆಲ್ಲ ಪತ್ರ ಬರೆಯುತ್ತಿದ್ದ. ಗುರುತಿಲ್ಲದವನ ಪತ್ರಕ್ಕೆ ಉತ್ತರ ಬರೆಯುವ ಪುರುಸೊತ್ತು ಯಾರಿಗಿದೆ? ಕೊನೆಗೆ ಅವನ ಪುಣೆಯ ಗುರುಗಳೇ ದಾರಿ ತೋರಿಸಿದರಂತೆ. "ಪತ್ರ ಸಾಕು, ಕಲ್ಲು ಕಳಸು. ನೀ ಎಷ್ಟು ಓದೀ ಅಂತ ಯಾರೂ ಕೇಳಂಗಿಲ್ಲ. ಈ ಕಲ್ಲು ಯಾವ ಊರಾಗ, ಎಷ್ಟು ಆಳದಾಗ ಸಿಕ್ತು ಅಂತ ಕೇಳತಾರ." ಗುರುಗಳು ಹೇಳಿದ್ದು ಮರಾಠಿಯಲ್ಲಿ, ಅಣ್ಣ ನನಗೆ ಹೇಳಿದ್ದು ನಮ್ಮ ಮಾತಿನಲ್ಲಿ.

ಆಳದ ಕಲ್ಲು ಬೇಕೆಂದರೆ ಬಾವಿ ತೋಡುವವರ ಹತ್ತಿರ ಹೋಗಬೇಕು. ಅಣ್ಣ ರಜೆ ಸಿಕ್ಕಾಗಲೆಲ್ಲ ಅಕ್ಕಲಕೋಟದ ಸಂತೆಗೆ ಹೋಗಿ, ಒಂದು ಮರದ ಕಟ್ಟೆಯ ಮೇಲೆ ನಾಲ್ಕು ಕಲ್ಲು ಇಟ್ಟುಕೊಂಡು ಕೂರುತ್ತಿದ್ದ. ಮೊದಮೊದಲು ಜನ ಔಷಧ ಮಾರುವವನೆಂದು ತಿಳಿದು ಮೊಣಕಾಲು ನೋವು ಹೇಳಿಕೊಂಡರಂತೆ. ಈ ನೆಲವೆಲ್ಲ ಒಂದಾನೊಂದು ಕಾಲಕ್ಕೆ ಕುದಿಯುವ ಕಲ್ಲಾಗಿ ಹರಿದು ಬಂದದ್ದು, ಹರಿದು ಆರಿ, ಅದರ ಮೇಲೆ ಮತ್ತೊಂದು ಹರಿದು, ಬುಟ್ಟಿಯಲ್ಲಿ ರೊಟ್ಟಿ ಪೇರಿಸಿದ ಹಾಗೆ ಪದರು ಪದರಾಗಿ ಕೂತಿದೆ ಎಂದು ಅವನು ಹೇಳುತ್ತಿದ್ದ. ಅದನ್ನು ಕೇಳಿ ಮಾಳಪ್ಪ ಎಂಬ ಕುರಿ ಕಾಯುವ ಮುದುಕ, ತನ್ನ ಹೊಲದಲ್ಲಿ ಬಾವಿ ತೋಡಿಸುತ್ತಿದ್ದವನು, "ಹಂಗಾದ್ರ ನಮ್ಮ ಹೊಲ ಎಷ್ಟನೇ ರೊಟ್ಟಿ ಮ್ಯಾಲ ಐತ್ರಿ, ಮಾಸ್ತರ?" ಎಂದು ಕೇಳಿದ. "ಅದು ನನಗೂ ಗೊತ್ತಿಲ್ಲ, ಮಾಳಪ್ಪಾ. ಅದಕ್ಕ ನಿನ್ನ ಬಾವಿ ಕಲ್ಲು ಬೇಕು," ಎಂದ ಅಣ್ಣ.

ಮುಂದಿನ ಸಂತೆಗೆ ಮಾಳಪ್ಪ ಕಲ್ಲು ಹೊತ್ತು ತಂದ. ಅವನ ಹೆಸರು, ಊರು, ಎಷ್ಟು ಮೊಳದ ಆಳ ಎಂಬುದನ್ನೆಲ್ಲ ಅಣ್ಣ ವಹಿಯಲ್ಲಿ ಬರೆದುಕೊಂಡದ್ದು ನೋಡಿ ಉಳಿದವರೂ ತಂದರು, ಮಂದ್ರೂಪ ಎಂಬ ಹಳ್ಳಿಯಿಂದಲೂ ಬಂದವು. ವರ್ಷ ಕಳೆಯುವುದರಲ್ಲಿ ಅವನ ಸೊಲ್ಲಾಪುರದ ಮನೆಯ ಪಡಸಾಲೆಯಲ್ಲಿ ನಲವತ್ತು ಕಲ್ಲು. ಕರಿ ಕಲ್ಲಿನ ಹೊಟ್ಟೆಯೊಳಗೆ ಕಲ್ಲುಸಕ್ಕರೆ ಇಟ್ಟಂಥ ಬಿಳಿ ಹರಳು. ಒಂದೊಂದರ ಮೇಲೂ ಸುಣ್ಣದ ಬೊಟ್ಟು, ಅದರ ಮೇಲೆ ಶಾಯಿಯಲ್ಲಿ ನಂಬರು. ವಹಿಯಲ್ಲೂ ಅದೇ ನಂಬರು.

ದೊಡ್ಡವರಿಗೆ ಕಳಿಸಿದ ಕಲ್ಲುಗಳಲ್ಲಿ ಒಂದು ಕೆಲಸ ಮಾಡಿತು. ಭೂಗರ್ಭ ಸರ್ವೆಯ ಒಬ್ಬ ದೊಡ್ಡ ಅಧಿಕಾರಿ, ಮುಂಬೈಯಿಂದ ಮದ್ರಾಸಿಗೆ ಹೋಗುವಾಗ ಸೊಲ್ಲಾಪುರದಲ್ಲಿ ಒಂದು ದಿನ ಇಳಿಯುತ್ತೇನೆ, ನಿಮ್ಮ ಸಂಗ್ರಹ ನೋಡುತ್ತೇನೆ, ಮೆಚ್ಚಿಕೆಯಾದರೆ ಸಹಾಯಕನ ಜಾಗವೊಂದಿದೆ ಎಂದು ಬರೆದರು. ಆ ಪತ್ರವನ್ನು ಅಣ್ಣ ದಿನಕ್ಕೆ ಎಷ್ಟು ಸಲ ಓದಿದನೋ. ಅಣ್ಣನ ಹೆಂಡತಿ, ನಮ್ಮ ವೈನಿ, ಚೊಚ್ಚಲ ಹೆರಿಗೆಗೆಂದು ಅಕ್ಕಲಕೋಟದ ತವರಿಗೆ ಹೋಗಿದ್ದರು. ನನಗೆ ಮದುವೆಯಾಗಿತ್ತು, ಗಂಡನ ಮನೆಗೆ ಇನ್ನೂ ಕಳಿಸಿರಲಿಲ್ಲ. ಅಣ್ಣನ ಮನೆ ನೋಡಿಕೊಳ್ಳಲು ನಾನೇ ಬಂದಿದ್ದೆ. ಸಾಹೇಬರು ಬರುವ ಹಿಂದಿನ ದಿನ ಅಣ್ಣ, ಕಲ್ಲು ಕೊಟ್ಟವರನ್ನೂ ಕರೆಯಬೇಕು, ಅವರ ಕಲ್ಲಿಗೆ ಸಿಗುವ ಮರ್ಯಾದೆ ಅವರೂ ನೋಡಲಿ ಎಂದು ಹಳ್ಳಿಗಳಿಗೆ ಹೋದ.

ಮನೆಗೆ ದೊಡ್ಡವರು ಬರುತ್ತಾರೆಂದರೆ ನನ್ನ ಕೈ ಸುಮ್ಮನಿರುತ್ತದೆಯೇ? ನೆಲ ಸಾರಿಸಿದೆ, ಪಾತ್ರೆ ಬೆಳಗಿದೆ. ಹುಣಸೆಹಣ್ಣು ಇನ್ನೂ ಉಳಿದಿತ್ತು. ಕಲ್ಲುಗಳ ಕಡೆ ನೋಡಿದರೆ ಮಣ್ಣು, ಧೂಳು, ಸುಣ್ಣದ ಕಲೆ. ನಂಬರು ಇದ್ದದ್ದು ನನಗೆ ಕಾಣಲಿಲ್ಲವೆಂದು ಸುಳ್ಳು ಹೇಳುವುದಿಲ್ಲ. ಅಗಸರು ಬಟ್ಟೆಗೆ ಗುರುತು ಹಾಕುತ್ತಾರಲ್ಲ, ಅಂಥದೇ ಏನೋ ಎಂದುಕೊಂಡೆ. ಬಟ್ಟೆ ಮನೆಗೆ ಬಂದ ಮೇಲೆ ಗುರುತಿನ ಗೊಡವೆ ಯಾರಿಗೆ? ಎಲ್ಲ ವಹಿಯಲ್ಲಿ ಇದ್ದೇ ಇದೆ. ಹುಣಸೆಹಣ್ಣು, ಬೂದಿ, ತೆಂಗಿನ ನಾರು ಹಿಡಿದು ಮಧ್ಯಾಹ್ನವೆಲ್ಲ ಕೂತು ನಲವತ್ತನ್ನೂ ತಿಕ್ಕಿದೆ. ಬಿಳಿ ಚಾದರ ಹಾಸಿ, ದೊಡ್ಡದರಿಂದ ಸಣ್ಣದರವರೆಗೆ ಸಾಲಾಗಿ ಜೋಡಿಸಿದೆ. ಒಂದೂ ಕಳೆದಿಲ್ಲವೆಂದು ಎರಡು ಸಲ ಎಣಿಸಿದೆ ಕೂಡ.

ಸಂಜೆ ಬಂದ ಅಣ್ಣ ಹೊಸ್ತಿಲಲ್ಲೇ ನಿಂತ. ಚಪ್ಪಲಿ ಬಿಡಲಿಲ್ಲ.

"ಯಾರ ತೊಳದ್ರು?"

"ನಾನ," ಎಂದೆ, ಹೊಗಳುತ್ತಾನೆಂದು.

ಅವನು ಒಂದು ಕಲ್ಲು ಎತ್ತಿ ತಿರುಗಿಸಿ ನೋಡಿದ, ಇನ್ನೊಂದು ಎತ್ತಿದ. ಅದನ್ನು ಚಾದರದ ಮೇಲೆ ತಿರುಗಿ ಇಟ್ಟು, "ಛಲೋ ಹೊಳ್ಯಾಕ ಹತ್ತ್ಯಾವ," ಎಂದ. ಆಗ ಅವನ ಮುಖ ನೋಡಿದೆ. ನಾನು ಏನು ಮಾಡಿದ್ದೇನೆಂದು ಗೊತ್ತಾಯಿತು: ನಂಬರು ಅಳಿಸಿದ ಮೇಲೆ ಯಾವ ಕಲ್ಲು ಯಾವ ಬಾವಿಯದೆಂದು ವಹಿಯೂ ಹೇಳಲಾರದು.

"ಮತ್ತ ಬರದ್ರಾತಲ್ಲ, ಅಣ್ಣಾ? ನಿನಗ ನೆಪ್ಪಿರಬೇಕಲ್ಲ?"

"ಹನ್ನೊಂದು ನೆಪ್ಪದಾವ."

"ಉಳದದ್ದಕ್ಕ ಅಂದಾಜು ಬರಿ. ಯಾರಿಗೆ ಗೊತ್ತಾಕ್ಕತಿ?"

"ಮಾಳಪ್ಪನ ಬಾವಿ ಕಲ್ಲಿಗೆ ಮಂದ್ರೂಪ ಅಂತ ಹ್ಯಾಂಗ ಬರೀಲಿ, ತಂಗೀ?"

ಬಯ್ದಿದ್ದರೆ ಅತ್ತು ಹಗುರಾಗುತ್ತಿದ್ದೆ. ಅವನು ಬಯ್ಯಲಿಲ್ಲ. ಹನ್ನೊಂದಕ್ಕೆ ನಂಬರು ಬರೆದು ಬೇರೆ ಇಟ್ಟ, ಅಷ್ಟೇ.

ಮರುದಿನ ಸಾಹೇಬರು ಬಂದರು. ಮಾಳಪ್ಪ, ಮಂದ್ರೂಪದ ಒಬ್ಬ ಗೌಡ, ಇನ್ನಿಬ್ಬರು ರೈತರು ತೊಳೆದ ಧೋತರ ಉಟ್ಟು ಬಂದಿದ್ದರು. ನಾನು ಚಹಾದ ತಾಟು ಹಿಡಿದು ಒಳಬಾಗಿಲ ಹಿಂದೆ ನಿಂತಿದ್ದೆ. ಮಾಳಪ್ಪ ಚಾದರದ ಮುಂದೆ ಕೂತು, ಒಂದೊಂದೇ ಕಲ್ಲು ಸವರಿ, ಒಂದನ್ನು ಎದೆಗೆ ಹಿಡಿದುಕೊಂಡ. "ಇದು ನಂದ್ರಿ. ತಲಿ ಮ್ಯಾಲ ಹೊತ್ತು ತಂದೀನಿ, ಈ ಮೂಲಿ ನನಗ ಚುಚ್ಚಿತ್ತು," ಎಂದ. ಮಂದ್ರೂಪದ ಗೌಡರು ಬಗ್ಗಿ ನೋಡಿ, "ಅದು ನಮ್ಮದೋ, ಮಾರಾಯ," ಎಂದರು. ಇಬ್ಬರಿಗೂ ಮಾತಿಗೆ ಮಾತು ಬೆಳೆಯಿತು. ಅಣ್ಣ ನಡುವೆ ಬಂದು, "ತಪ್ಪು ನಿಮ್ಮದಲ್ಲ, ಕೂಡ್ರಿ," ಎಂದು ಇಬ್ಬರನ್ನೂ ಕೂರಿಸಿದ.

ಸಾಹೇಬರು ಕೆಟ್ಟವರಲ್ಲ. ವಹಿಯನ್ನು ಹಾಳೆ ಹಾಳೆ ಓದಿದರು, ತಲೆದೂಗಿದರು. ಆಮೇಲೆ ಕಲ್ಲುಗಳ ಕಡೆ ಕೈ ತೋರಿಸಿ ಏನೋ ಕೇಳಿದರು. ನನಗೆ ಇಂಗ್ಲಿಷು ಬಾರದು. ಅಣ್ಣ ತನ್ನ ಎದೆಯ ಮೇಲೆ ಕೈ ಇಟ್ಟುಕೊಂಡು ಉತ್ತರ ಕೊಟ್ಟದ್ದು ಮಾತ್ರ ಕಂಡಿತು. ಅಷ್ಟು ತಿಳಿಯಲು ಇಂಗ್ಲಿಷು ಬೇಕಾಗಿರಲಿಲ್ಲ. ಹೊರಗೆ ಬಂದು ತೊಳೆದವಳು ನಾನೆಂದು ಹೇಳಬೇಕಿತ್ತು. ಬಾಗಿಲ ಹಿಂದೆಯೇ ಉಳಿದೆ, ಚಹಾ ಆರಿತು.

ಜಾಗ ಇನ್ನೊಬ್ಬರಿಗೆ ಹೋಯಿತು. ಮತ್ತೆ ಸಂಗ್ರಹಿಸೋಣವೆಂದು ಅಣ್ಣ ಒಂದೆರಡು ಊರು ತಿರುಗಿದ. ಅಷ್ಟರಲ್ಲಿ ಆ ಬಾವಿಗಳ ಗೋಡೆ ಕಟ್ಟಿ ಮುಗಿದಿತ್ತು, ಒಳಗೆ ನೀರು ನಿಂತಿತ್ತು. ನೀರು ಬಂದದ್ದಕ್ಕೆ ಅವನು ಸಂತೋಷಪಟ್ಟನೆಂದೇ ನನ್ನ ನಂಬಿಕೆ. ಸಂತೆಯ ಕಟ್ಟೆಗೆ ಮಾತ್ರ ಮತ್ತೆ ಹೋಗಲಿಲ್ಲ. ದೊಡ್ಡವರಿಗೆ ಪತ್ರ ಬರೆಯುವುದನ್ನೂ ಬಿಟ್ಟ.

ಮಗಳನ್ನು ಎತ್ತಿಕೊಂಡು ಬಂದ ವೈನಿಗೂ ಅವನು ಹೇಳಿದ್ದು ಅದನ್ನೇ: "ನಾನ ತೊಳದೆ." ಅಂದಿನಿಂದ ಅದು ಆ ಮನೆಯ ಮಾತಾಯಿತು. ಅವನು ಕೊಡೆ ಮರೆತು ಬಂದರೆ, ಹಾಲು ಉಕ್ಕಿಸಿದರೆ, "ಕಲ್ಲು ತೊಳದವ್ರಲ್ಲ ನೀವು," ಎನ್ನುವರು ವೈನಿ. ಅಣ್ಣ ನಗುವನು. ನನ್ನ ಗಂಡನ ಮನೆಯೂ ಸೊಲ್ಲಾಪುರದಲ್ಲೇ ಇದ್ದುದರಿಂದ ಎಷ್ಟೋ ಸಲ ನಾನು ಅಲ್ಲೇ ಕೂತಿರುತ್ತಿದ್ದೆ. ಒಂದು ಸಲವೂ ಬಾಯಿ ಬಿಡಲಿಲ್ಲ. ನಾಚಿಕೆಗೇಡಿ ನಾನು. ಮೂರು ವರ್ಷದ ಹಿಂದೆ ವಿಷಮಜ್ವರ ಬಂದು ಅಣ್ಣ ತೀರಿಕೊಂಡ.

ಈ ಹಬ್ಬಕ್ಕೆ ವೈನಿಯನ್ನು ಕರೆಸಿಕೊಂಡಿದ್ದೇನೆ. ಇವತ್ತು ಬೆಳಗುವುದನ್ನು ಅರ್ಧಕ್ಕೆ ಬಿಟ್ಟು, ಒದ್ದೆ ಕೈಯಲ್ಲೇ ಪಡಸಾಲೆಗೆ ಹೋದೆ. ಅವರು ಜೋಳ ಹಸನು ಮಾಡುತ್ತಿದ್ದರು. ಎದುರಿಗೆ ಕೂತು ಎಲ್ಲ ಹೇಳಿದೆ. ನಾರು, ಬೂದಿ, ಚಾದರ, ಬಾಗಿಲ ಹಿಂದೆ ನಿಂತದ್ದು. ಬಯ್ಯುತ್ತಾರೆ, ಬಯ್ಯಲಿ, ಇಷ್ಟು ವರ್ಷದ ಭಾರ ಇವತ್ತಿಗೆ ಇಳಿಯಲಿ ಎಂಬುದು ನನ್ನ ಲೆಕ್ಕ.

ವೈನಿ ಮೊರ ಕೆಳಗಿಟ್ಟರು. ನನ್ನ ಕಡೆ ನೋಡಲಿಲ್ಲ.

"ಕಡೀ ಜ್ವರದಾಗ ಔಷಧದ ಬಾಟಲಿ ಕೈ ಜಾರಿ ಬಿತ್ತು, ತಂಗೀ," ಎಂದರು. "ಕಲ್ಲು ತೊಳದ ಕೈ, ಮತ್ತೇನಾಕ್ಕತಿ ಅಂತ ಅಂದೆ. ಅವಾಗೂ ನಕ್ಕರು. ಮುಂದ ಅವರು ಮಾತಾಡಲಿಲ್ಲ, ಹಂಗ ಹೋದ್ರು."

ನಾನು ಅವರ ಕೈ ಹಿಡಿಯಹೋದೆ. ಅವರು ಬಿಡಿಸಿಕೊಳ್ಳಲೂ ಇಲ್ಲ, ಹಿಡಿದುಕೊಳ್ಳಲೂ ಇಲ್ಲ. ಭಾರ ಇಳಿಯಿತು, ನಿಜ. ಇಳಿಸಿದ್ದು ಯಾರ ಮೇಲೆಂದು ಈಗ ಗೊತ್ತಾಗುತ್ತಿದೆ. ಊಟಕ್ಕೆ ಎರಡು ಸಲ ಕರೆದೆ; ವೈನಿ ಇನ್ನೂ ಅಲ್ಲೇ ಕೂತಿದ್ದಾರೆ.