ಗುಲಾಬಿ ಮಾವನ ಏಕವಚನ

ಹಳೆಯ ಕಟ್ಟಡಗಳ ಗಟ್ಟಿತನ ಪರೀಕ್ಷಿಸುವ ಗುಲಾಬಿ ಮಾವನನ್ನು ಕರೆಸುವವರು ಮೊದಲು ಬೈಸಿಕೊಳ್ಳಲು ತಯಾರಿರಬೇಕು. ಕಂಬದ ಮೂಲೆಯನ್ನು ಉಳಿಯಿಂದ ಕೆತ್ತಿ, ಸೀಸೆಯ ದ್ರಾವಣ ಚಿಮುಕಿಸಿದಾಗ ಅದು ಗುಲಾಬಿ ಬಣ್ಣಕ್ಕೆ ತಿರುಗಿತೆಂದರೆ ಕಾಂಕ್ರೀಟಿನ ಸತ್ವ ಉಳಿದಿದೆ ಎಂದರ್ಥ; ಆಗಲೇ ಮಾವನ ಮಂಗಳಾರತಿ ಶುರು. ಮಾಲೀಕ ಎಷ್ಟೇ ದೊಡ್ಡ ಮನುಷ್ಯನಾಗಲಿ, ಏಕವಚನವೇ. “ಸೋರೋ ಪೈಪಿಗೆ ಚಿಂದಿ ಸುತ್ತಿದ್ದೀಯಲ್ಲೋ ಮಹಾರಾಯ, ನಿನ್ನ ತಲೆ ಒಡೆದ್ರೂ ಚಿಂದೀನೇ ಸುತ್ತೀಯಾ?” ಗಾರೆಯವನು ಸಿಕ್ಕರೆ ಅವನಿಗೂ ಒಂದು ಪಾಲು: “ಗಾಳೀಲಿರೋ ಇಂಗಾಲದ ಅನಿಲಾನ ಕಾಂಕ್ರೀಟು ಕುಡಿಯುತ್ತೆ ಕಣಯ್ಯಾ. ಕಬ್ಬಿಣದ ಸರಳಿಲ್ಲದ ಸಿಮೆಂಟ್ ಇಟ್ಟಿಗೆಗೆ ಕುಡಿಸಿದ್ರೆ ಗಟ್ಟಿಯಾಗುತ್ತೆ, ಲೋಕದ ಹೊಗೇನೂ ಅಷ್ಟು ಕಮ್ಮಿ. ಸರಳಿರೋ ಕಂಬ ಕುಡಿದ್ರೆ ಒಳಗೊಳಗೇ ತುಕ್ಕು. ಒಂದಕ್ಕೆ ಮದ್ದು, ಇನ್ನೊಂದಕ್ಕೆ ವಿಷ.” ನೆಂಟರ ಮನೆಗೆ ಹೋದರೂ ಮೊದಲು ತೊಲೆ ನೋಡುತ್ತಾನೆ, ಆಮೇಲೆ ಮನುಷ್ಯರ ಮುಖ. “ನಿಮ್ಮ ಬಾಯಿಗೆ ಹೆದರಿಯೇ ಕಟ್ಟಡಗಳು ಬೀಳದೆ ನಿಂತಿವೆ” ಎನ್ನುತ್ತಾಳೆ ಹೆಂಡತಿ. ಆದರೆ ಬಣ್ಣವೇ ಬಾರದೆ, ಸರಳು ತುಕ್ಕು ಹಿಡಿದು ಉಬ್ಬಿದ್ದು ಕಂಡರೆ ಮಾವನಿಗೆ ಬೈಗುಳವೇ ಮರೆತುಹೋಗುತ್ತದೆ. ದನಿ ತಗ್ಗುತ್ತದೆ, ಎದುರಿದ್ದವರಿಗೆ ಬಹುವಚನ ಸಿಗುತ್ತದೆ. ಆ ಮರ್ಯಾದೆ ಸಿಕ್ಕ ಮನೆಯವರು ಪಾತ್ರೆಪಗಡ ಕಟ್ಟತೊಡಗುತ್ತಾರೆಂಬುದು ಊರಿಗೆಲ್ಲ ಗೊತ್ತು. ಮೊನ್ನೆ ತನ್ನ ಅಕ್ಕನ ಮನೆಯ ನಡುಕಂಬ ಕೆತ್ತಿ, ದ್ರಾವಣ ಚಿಮುಕಿಸಿ, ಬಹಳ ಹೊತ್ತು ಅಲ್ಲೇ ಕುಕ್ಕರುಗಾಲಲ್ಲಿ ಕೂತಿದ್ದ. ಹುಟ್ಟಿದಾಗಿನಿಂದ “ಏನೇ, ಹೋಗೇ” ಎಂದೇ ಜಗಳವಾಡಿಕೊಂಡು ಬಂದ ಅಕ್ಕನ ಕಡೆ ತಿರುಗಿ, “ಅಕ್ಕಾ, ನೀವು ಸ್ವಲ್ಪ ಹೊರಗೆ ಬರ್ತೀರಾ?” ಎಂದ. ಅಕ್ಕ ಒಲೆ ಆರಿಸಿ, ಮಲಗಿದ್ದ ಮೊಮ್ಮಗುವನ್ನು ಎತ್ತಿಕೊಂಡು, ಚಪ್ಪಲಿಯನ್ನೂ ಮೆಟ್ಟದೆ ಬೀದಿಗೆ ಬಂದಳು.