ಅರವತ್ತೊಂದು ಹಾಡುಗಳ ಲೆಕ್ಕ

ಆಗಸ್ಟ್ 18, ಸೋಮವಾರ, ಬೆಳಿಗ್ಗೆ 6.40. ಲಿಂಗಸುಗೂರಿನ ನನ್ನ ಬಾಡಿಗೆ ಕೋಣೆ. ಎದುರಿಗೆ ನೀಲಿ ರಟ್ಟಿನ ನೋಟ್‌ಬುಕ್ ಇದೆ. ನಿನ್ನೆ ಟ್ರಂಕಿನಿಂದ ತೆಗೆದಾಗ ಅದರಿಂದ ಗದ್ದೆಯ ಕೆಸರಿನ ವಾಸನೆ ಬಂತು. ಕೆಲವು ಹಾಳೆಗಳ ಮೇಲೆ ಬೆರಳಿನ ಒಣಗಿದ ಗುರುತುಗಳಿವೆ. ನನ್ನವಲ್ಲ, ನಮ್ಮ ಓಣಿಯ ದೊಡ್ಡವ್ವನವು.

ಡಿಗ್ರಿ ಓದುವಾಗ ಎರಡು ಹಂಗಾಮು ನಾನು ಪಾಮನಕಲ್ಲೂರಿನಿಂದ ಜವಳಗೇರಾಕ್ಕೆ ಭತ್ತ ನಾಟಿಗೆ ಹೋಗಿದ್ದೆ. ಒಂದು ಟಂಟಂ ಆಟೋದಲ್ಲಿ ಹದಿನಾಲ್ಕು ಹೆಂಗಸರು. ದೊಡ್ಡವ್ವ ಹಾಡು ಕಟ್ಟಿ ಹೇಳುತ್ತಿದ್ದಳು, ನಾವು ಹಿಂದಿನಿಂದ ಹೇಳುತ್ತಿದ್ದೆವು. ಆ ದಿನ ಕಂಡದ್ದೇ ಹಾಡು. ಟಂಟಂ ಡ್ರೈವರನ ಹೊಸ ಕನ್ನಡಕ, ಬದುವಿನ ಮೇಲೆ ನಿಂತ ಮಾಲೀಕನ ಛತ್ರಿ, ಸಸಿ ಹಚ್ಚಲು ಬಾರದ ನನ್ನ ಕೈ…

ನಾನು ಹೋಗುವ ಹೊತ್ತಿಗೆ ಆಕೆಯ ಎರಡೂ ಕಿವಿ ಪೂರ್ತಿ ಹೋಗಿದ್ದವು. ಹಾಡು ಕಟ್ಟುವುದು ಮಾತ್ರ ನಿಂತಿರಲಿಲ್ಲ.

"ನೀವು ಕಾಲು ಕಿತ್ತಿಡೂದು ನೀರಾಗ ನನ್ನ ಕಾಲಿಗೆ ಬಡೀತೈತಿ. ತಾಳಕ್ಕ ಅಷ್ಟ ಸಾಕು," ಅನ್ನುತ್ತಿದ್ದಳು. ದನಿ ಒಮ್ಮೊಮ್ಮೆ ಅಳತೆ ಮೀರಿ ಏರಿಬಿಡುತ್ತಿತ್ತು. ಯಾರಾದರೂ ನಗುತ್ತಿದ್ದರು. ಆಕೆಗೆ ಅದೂ ಕೇಳುತ್ತಿರಲಿಲ್ಲ.

ಒಂದು ದಿನ ಬಿಸಿಲೇರಿದಾಗ ನಾವೆಲ್ಲ ದಣಿದು ಬರೀ ತುಟಿ ಆಡಿಸತೊಡಗಿದೆವು. ಆಕೆ ಕೆಸರುಗೈಯಲ್ಲೇ ಪಕ್ಕದವಳ ಗಂಟಲು ಮುಟ್ಟಿ ನೋಡಿದಳು. ಆಮೇಲೆ ನನ್ನದು.

"ಏನ್ರೇ, ಮೀನ ಆಗೀರೇನು? ಬರೇ ಬಾಯಿ ತಗದು ಮುಚ್ಚಾಕತ್ತೀರಿ!"

ಎಲ್ಲರೂ ನಕ್ಕೆವು, ಆಕೆಯೂ ನಕ್ಕಳು. ಆಮೇಲೆ ಯಾರ ಗಂಟಲಿಗೆ ಯಾವಾಗ ಕೈ ಬರುತ್ತದೋ ಎಂದು ಎಲ್ಲರೂ ಹಾಡಿದೆವು.

ಮಧ್ಯಾಹ್ನ ಬುತ್ತಿ ಉಂಡು ನಾನು ಬದುವಿನ ಮೇಲೆ ಕೂತು ಬರೆಯುತ್ತಿದ್ದೆ. ತಾರೀಖು, ಬಂದವರೆಷ್ಟು, ನಾಟಿ ಮುಗಿದ ಗದ್ದೆಯ ಮಡಿಗಳೆಷ್ಟು, ಹಾಡೆಷ್ಟು, ಅದರಲ್ಲಿ ಹೊಸವೆಷ್ಟು. ಒಮ್ಮೆ ದೊಡ್ಡವ್ವ ಬಂದು ಪಕ್ಕದಲ್ಲಿ ಕೂತಳು. ಆಕೆಗೆ ಓದು ಬರುತ್ತಿರಲಿಲ್ಲ.

"ನನ್ನ ಪದ ಬರ್ಯಾಕತ್ತೀಯೇನು, ಮಗಳ?"

ಆ ದಿನದ ಸಾಲಿನಲ್ಲಿ ಇದ್ದದ್ದು 'ಹೊಸ ಹಾಡು 2' ಎಂದಷ್ಟೇ. ನಾನು ಹೌದೆಂದು ತಲೆಯಾಡಿಸಿದೆ. ಎಣಿಸಿ ಇಟ್ಟದ್ದೂ ಬರೆದಂತೆಯೇ ಎಂದು ಆಗ ಅನ್ನಿಸಿತ್ತು. ಕಿವಿ ಕೇಳದವಳಿಗೆ ಅದನ್ನು ಬಿಡಿಸಿ ಹೇಳುವುದು ಹೇಗೆಂದು ತಿಳಿಯಲಿಲ್ಲ… ಪ್ರಯತ್ನವನ್ನೂ ಮಾಡಲಿಲ್ಲ.

ಆಕೆ ಹಾಳೆಯ ಮೇಲೆ ಬೆರಳಾಡಿಸಿದಳು. "ಭಾಳ ಬರದಿ ಬಿಡು. ಇನ್ನ ನಾ ಮರತರೂ ಚಿಂತಿಲ್ಲ."

ಗಂಟಲು ಮುಟ್ಟಿ ನಮ್ಮನ್ನು ಹಿಡಿದವಳಿಗೆ ಹಾಳೆ ಮುಟ್ಟಿ ಏನೂ ತಿಳಿಯಲಿಲ್ಲ. ಆ ದಿನದಿಂದ ಹಳೆಯ ಹಾಡುಗಳನ್ನು ಮತ್ತೆ ಹೇಳುವುದನ್ನು ಬಿಟ್ಟಳು. ಬರೆದಾಗಿದೆಯಲ್ಲ ಎಂದು ದಿನವೂ ಹೊಸದನ್ನೇ ಕಟ್ಟಿದಳು. ಒಂದೊಂದನ್ನು ಒಂದೇ ಸಲ ಹಾಡಿದೆವು. ಹಾಗಾಗಿ ಯಾವುದೂ ಯಾರ ಬಾಯಲ್ಲೂ ಉಳಿಯಲಿಲ್ಲ. ನನ್ನ ಅಂಕಿಗಳು ಬೆಳೆದವು.

ನಿನ್ನೆ ಮಧ್ಯಾಹ್ನ 1.15ಕ್ಕೆ ಆಕೆಯ ಮಗಳು ಮಸ್ಕಿಯಿಂದ ಬಸ್ಸು ಹಿಡಿದು ನನ್ನನ್ನು ಹುಡುಕಿಕೊಂಡು ಬಂದಳು.

"ತಂಗಿ, ಅವ್ವ ತೀರಿಕೊಂಡು ತಿಂಗಳಾತು. ಆಕಿ ಪದ ಎಲ್ಲಾ ನಿನ್ನ ಪುಸ್ತಕದಾಗ ಅದಾವಂತ. ಕೊನೀತನಕ ಅದನ್ನ ಅಂತಿದ್ಲು. ಒಮ್ಮಿ ಕೊಡು, ನನ್ನ ಮಗಳ ಕಡೆ ಬರಸಿಕೊಂಡು ಕೊಡ್ತೀನಿ."

ನೋಟ್‌ಬುಕ್ ತೆಗೆದು ಕೈಗೆ ಕೊಟ್ಟೆ. ಆಕೆಗೆ ಅಷ್ಟಿಷ್ಟು ಓದು ಬರುತ್ತಿತ್ತು. ಸಾಲಿನ ಕೆಳಗೆ ಬೆರಳಿಟ್ಟು ಓದಿದಳು.

"ಹೊಸ ಹಾಡು 2… ಹೊಸ ಹಾಡು 4… ಪದ ಎಲ್ಲಿ ಅದಾವ, ತಂಗಿ?"

ನಾನು ಕೊನೆಯ ಹಾಳೆ ತೋರಿಸಿದೆ. ಎರಡೂ ಹಂಗಾಮು ಸೇರಿ ಹೊಸ ಹಾಡು ಅರವತ್ತೊಂದು. ಕೆಳಗೆ ಎರಡು ಗೆರೆ ಎಳೆದಿದ್ದೆ. ಆಕೆ ಅದನ್ನು ನೋಡಿದಳು. ಬೈಯಲಿಲ್ಲ. ನೋಟ್‌ಬುಕ್ ಮುಚ್ಚಿ ಕೊಟ್ಟು, ನೀರು ಕುಡಿದು, ಎರಡು ಗಂಟೆಯ ಬಸ್ಸಿಗೆ ಹೋದಳು.

ನನಗೆ ಅಳು ಬರಲಿಲ್ಲ, ಈಗಲೂ ಬಂದಿಲ್ಲ. ಬೆಳಿಗ್ಗೆ ಎದ್ದು ಒಂದಾದರೂ ಹಾಡು ನೆನಪಾದೀತೇ ಎಂದು ನೋಡಿದೆ. ರಾಗದ ಏರಿಳಿತ ಬಂತು, ಆಕೆಯ ದನಿ ಅಳತೆ ಮೀರುವ ಜಾಗವೂ ಬಂತು. ಮಾತು ಬರಲಿಲ್ಲ. ಬರೀ ತುಟಿ ಆಡಿಸುತ್ತಾ ಕೂತಿದ್ದೆ.

ಆ ಹಂಗಾಮುಗಳಲ್ಲಿ ನಮ್ಮೊಂದಿಗೆ ನಾಟಿಗೆ ಬಂದವರು, ಪಕ್ಕದ ಗದ್ದೆಯಲ್ಲಿ ನಿಂತು ಕೇಳಿದವರು ಇದನ್ನು ಓದಿದರೆ, ನೆನಪಿರುವ ಒಂದು ಸಾಲನ್ನಾದರೂ ಬರೆದು ಕಳಿಸಿ. ಅರ್ಧ ಸಾಲಾದರೂ ಸರಿ, ತಪ್ಪಿದ್ದರೂ ಸರಿ. ಪ್ರತಿ ಅಂಕಿಯ ಮುಂದೆ ಹಾಳೆ ಖಾಲಿ ಇದೆ.